ಕಾಂಡ ಉದ್ದವಾದರೆ ಬೀಜವನ್ನು ಬೈಯಬೇಡಿ

ವಾರಕ್ಕೆ ಎರಡು ಸಲವಾದರೂ ಅಣಬೆ ಬೆಳೆಯುವವರಿಂದ ನನ್ನ ಫೋನಿಗೆ ಒಂದೇ ಥರದ ಫೋಟೊ ಬರುತ್ತದೆ. ಚಿಪ್ಪು ಅಣಬೆ, ಬೆರಳುದ್ದದ ಕಾಂಡ, ತುದಿಯಲ್ಲಿ ಶರ್ಟಿನ ಗುಂಡಿಯಷ್ಟು ಕೊಡೆ. ಕೆಳಗೆ ಒಂದು ಸಾಲು: ‘ಸಾರ್, ಬೀಜ ಮೋಸ.’

ಅಣಬೆಯ ಬೀಜವೆಂದರೆ ಕಾಳಿನ ಮೇಲೆ ಹಬ್ಬಿಸಿದ ಅದರ ಎಳೆ. ಅದು ಕೆಡುವುದೇ ಇಲ್ಲ ಎನ್ನುತ್ತಿಲ್ಲ. ಆದರೆ ಕೆಟ್ಟ ಬೀಜವಾದರೆ ಚೀಲಕ್ಕೆ ತುಂಬಿದ ಹುಲ್ಲಿನಲ್ಲಿ ಬಿಳಿ ಎಳೆಯೇ ಸರಿಯಾಗಿ ಹಬ್ಬುವುದಿಲ್ಲ, ಹಸಿರು ಬೂಸ್ಟು ಕೂರುತ್ತದೆ. ಚೀಲ ಪೂರ್ತಿ ಬೆಳ್ಳಗಾಗಿ ಮೊಗ್ಗೂ ಬಂದ ಮೇಲೆ ಕಾಂಡ ಉದ್ದವಾಯಿತೆಂದರೆ, ಕಿಟಕಿ ಯಾವಾಗ ತೆಗೀತೀರಿ ಎಂದು ಕೇಳುತ್ತೇನೆ. ಆ ಕಡೆ ಮೌನ.

ಶಿಡ್ಲಘಟ್ಟದ ಕಡೆ ಒಬ್ಬ ಅಮ್ಮ ಹಳೇ ರೇಷ್ಮೆ ಹುಳು ಮನೆಯಲ್ಲಿ ಅರವತ್ತು ಚೀಲ ತೂಗುಹಾಕಿದ್ದರು. ಬಾಗಿಲು ತೆಗೆದೊಡನೆ ನನ್ನ ಕನ್ನಡಕ ಮಂಜಾಯಿತು. ಕಿಟಕಿಗೆಲ್ಲ ಗೊಬ್ಬರದ ಚೀಲ ಬಿಗಿದು, ಸಂದಿಗೆ ಹಳೇ ಸೀರೆ ತುರುಕಿದ್ದಾರೆ! ‘ತೇವ ಆರಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾರ್.’ ಹೇಳಿದ್ದೆ, ನಿಜ. ಗಾಳಿಯ ವಿಷಯವನ್ನೂ ಹೇಳಿದ್ದೆ, ಅದು ಕಿವಿಗೆ ಬಿದ್ದಿರಲಿಲ್ಲ.

‘ಅಮ್ಮಾ, ಎಳೇ ಚಾಕಿ ಹುಳವನ್ನ ಮುಚ್ಚಿಟ್ಟು ಸಾಕ್ತಿದ್ರಿ. ನಾಲ್ಕನೇ ಜ್ವರ ಎದ್ದು, ಕೊನೇ ಪೊರೆ ಕಳಚಿ ದೊಡ್ಡದಾದ ಮೇಲೂ ಹಾಗೇ ಮುಚ್ಚಿಡ್ತಿದ್ರಾ?’

‘ಅಯ್ಯೋ, ಹುಳ ಉಳೀತದಾ!’

ಅಣಬೆಯೂ ಹಾಗೇ. ಅದು ಗಿಡವಲ್ಲ, ನಮ್ಮಂತೆ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಎಳೆ ಹಬ್ಬುವ 15–20 ದಿನ ಕತ್ತಲೆ, ಕಟ್ಟಿದ ಗಾಳಿ ಎರಡೂ ಅದಕ್ಕೆ ಒಗ್ಗುತ್ತವೆ. ಕಾಡಿನಲ್ಲಿ ಕೊಳೆತ ಮರದೊಳಗೂ ಅದರ ಬಾಳು ಹಾಗೇ. ಕೊಡೆ ಬಿಚ್ಚುವುದು ಮಾತ್ರ ಬೀಜಕಣಗಳನ್ನು ಗಾಳಿಗೆ ತೂರಲಿಕ್ಕೆ. ಸುತ್ತ ಇಂಗಾಲದ ಡೈಆಕ್ಸೈಡ್ ದಟ್ಟವಾಗಿದ್ದರೆ, ಇನ್ನೂ ಮರದೊಳಗೇ ಸಿಕ್ಕಿಕೊಂಡಿರುವಂತೆ ಅದು ಕಾಂಡವನ್ನೇ ಚಾಚುತ್ತ ಹೋಗುತ್ತದೆ, ಕೊಡೆ ಬಿಚ್ಚುವುದಿಲ್ಲ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 420. ಅಣಬೆ ಏಳುವ ಹೊತ್ತಿಗೆ ಕೋಣೆಯಲ್ಲಿ 1000 ದಾಟದಿದ್ದರೆ ಒಳ್ಳೆಯದು. ಬೆಳಕು ಸಾಲದಿದ್ದರೂ ಕಾಂಡ ನೀಳವಾಗುವುದರಿಂದ ಫೋಟೊ ನೋಡಿ ನಾನು ತೀರ್ಪು ಕೊಡುವುದಿಲ್ಲ. ಜಪಾನಿನಲ್ಲಿ ಎನೋಕಿ ಅಣಬೆಗೆ ಬೇಕೆಂದೇ ಗಾಳಿ ಕಟ್ಟಿ, ತಂಪಿನಲ್ಲಿಟ್ಟು, ಶಾವಿಗೆಯಂಥ ಕಾಂಡ ಬೆಳೆದು ಮಾರುತ್ತಾರೆ. ನಮ್ಮ ಸಂತೆಯಲ್ಲಿ ಅಂಥದ್ದನ್ನು ಯಾರು ಕೇಳುತ್ತಾರೆ?

ಹಾಗಂತ ಎಲ್ಲ ತೆರೆದಿಟ್ಟರೆ ನಮ್ಮ ಬಯಲುಸೀಮೆಯ ಮಾರ್ಚ್ ಗಾಳಿಗೆ ಮೊಗ್ಗು ಸಾಸಿವೆ ಗಾತ್ರದಲ್ಲೇ ಒಣಗುತ್ತದೆ. ತೇವಾಂಶ ಶೇ 80–90 ಇರಲೇಬೇಕು. ಗೊಬ್ಬರದ ಚೀಲ ಕಿತ್ತು, ನೊಣ ಬರದಂತೆ ಸೊಳ್ಳೆ ಪರದೆ ಹೊಡೆದು, ಅದರ ಮೇಲೆ ಒದ್ದೆ ಗೋಣಿ ಇಳಿಬಿಟ್ಟೆವು. ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಗೋಣಿ ಎತ್ತಿ ಬಾಗಿಲು ತೆಗೀರಿ, ನೀರು ನೆಲಕ್ಕೆ ಗೋಡೆಗೆ ಹೊಡೀರಿ, ಮೊಗ್ಗಿನ ಮೇಲೆ ಬೇಡ ಎಂದೆ. ಅರವತ್ತು ಚೀಲಕ್ಕೆ ಇಷ್ಟು ಸಾಕು. ಆರುನೂರಾದರೆ ಎಕ್ಸಾಸ್ಟ್ ಫ್ಯಾನ್ ಬೇಕಾದೀತು.

ಉದ್ದವಾಗಿದ್ದದ್ದು ಮೋಟಾಗಲಿಲ್ಲ, ಆಗುವುದೂ ಇಲ್ಲ. ಅದನ್ನು ಕಿತ್ತು ಸಾರು ಮಾಡಿಕೊಂಡರು. ಹತ್ತು ದಿನಕ್ಕೆ ಅವೇ ಚೀಲಗಳ ಎರಡನೇ ಬೆಳೆಯ ಫೋಟೊ ಬಂತು, ಅಂಗೈಯಗಲದ ಕೊಡೆಗಳು. ಕೆಳಗೆ ಬರೆದಿದ್ದರು: ‘ಸಾರ್, ಈ ಸಲ ಬೀಜ ಚೆನ್ನಾಗಿದೆ.’