ಮೊದಲು ಕೆಡಲಿ ಅಂತಲೇ ಇಟ್ಟ ಭಾಗಗಳು

ಮಿಕ್ಸಿ ರಿಪೇರಿಗೆ ಬಂದರೆ ನಾನು ಮೊದಲು ಮೋಟಾರ್ ಬಿಚ್ಚುವುದಿಲ್ಲ. ಜಾರ್ ಎಲ್ಲಿ ಅಂತ ಕೇಳುತ್ತೇನೆ. ಹೆಚ್ಚಿನವರು ಕೆಳಗಿನ ಮೆಷಿನ್ ಮಾತ್ರ ಚೀಲದಲ್ಲಿ ಹಾಕಿಕೊಂಡು ಬಂದಿರುತ್ತಾರೆ. "ಜಾರ್ ಚೆನ್ನಾಗಿದೆ ಅಣ್ಣ, ಇದೇ ತಿರುಗ್ತಿಲ್ಲ" ಅನ್ನುತ್ತಾರೆ. ತುಮಕೂರಿನಲ್ಲಿ ಮಿಕ್ಸಿ, ಗ್ರೈಂಡರ್, ಗೀಸರ್, ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಅಂಗಡಿ ನನ್ನದು. ಜಾರ್ ನೋಡದೆ ಸರಿ ಮಾಡಿ ಕಳಿಸಿದ ಮಿಕ್ಸಿ ಸ್ವಲ್ಪ ದಿನಕ್ಕೇ ಅದೇ ದೂರು ಹೊತ್ತು ವಾಪಸ್ ಬರುತ್ತದೆ.

ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಮನೆಗೆಲಸ ಹಗುರ ಮಾಡುವ ಬಹುತೇಕ ಯಂತ್ರಗಳಲ್ಲಿ ಒಂದೆರಡು ಅಗ್ಗದ ಭಾಗಗಳನ್ನು ಬೇಕಂತಲೇ ದುರ್ಬಲವಾಗಿ ಇಟ್ಟಿರುತ್ತಾರೆ. ಏನಾದರೂ ಎಡವಟ್ಟಾದರೆ ದುಬಾರಿ ಭಾಗಕ್ಕಿಂತ ಮೊದಲು ಇದು ಹೋಗಲಿ ಅಂತ. ಕೆಲವು ಕಡೆ, ಮನುಷ್ಯರಿಗೆ ಪೆಟ್ಟಾಗುವ ಮೊದಲು ಇದು ಹೋಗಲಿ ಅಂತ. ಅಂಥ ಭಾಗ ಹೋದರೆ ಬೇರೆ ಎಲ್ಲೋ ತೊಂದರೆ ಇದೆ ಅಂತ ಲೆಕ್ಕ. ನಾವು ಆ ಭಾಗವನ್ನೇ ಬೈಯುತ್ತೇವೆ. ಅದರ ಜಾಗಕ್ಕೆ ಗಟ್ಟಿಯಾದದ್ದೇನಾದರೂ ಹಾಕುತ್ತೇವೆ, ಇಲ್ಲವೇ ತೆಗೆದೇ ಬಿಡುತ್ತೇವೆ. ನನ್ನಂಥವರ ಅಂಗಡಿ ನಡೆಯುವುದೇ ಬಹುಪಾಲು ಇದರಿಂದ.

ಈಗ ಮಿಕ್ಸಿಗೆ ಬರೋಣ. ಇದು ನಮ್ಮ ಅಡುಗೆಗೆಂದೇ ಹುಟ್ಟಿದ ಯಂತ್ರ. ಹೊರದೇಶದ ಬ್ಲೆಂಡರ್‌ಗಳು ಒಣಕೊಬ್ಬರಿ, ನೆನೆಸಿದ ಬೇಳೆಗೆ ತಡೆಯುತ್ತಿರಲಿಲ್ಲ. ಹಾಗೆ ಕೆಟ್ಟ ಒಂದು ಜರ್ಮನ್ ಮಿಕ್ಸರ್ ಮಾಧುರಿ ಮಾಥುರ್ ಎಂಬುವರ ಮನೆಯಲ್ಲಿತ್ತು. ಅವರ ಗಂಡ ಸತ್ಯಪ್ರಕಾಶ್ ಮಾಥುರ್ ಎಂಜಿನಿಯರ್. 1963ರಲ್ಲಿ ಸುಮೀತ್ ಮಿಕ್ಸಿ ಶುರುವಾಗಿದ್ದು ಹೀಗೆ. ಎಷ್ಟೋ ಮನೆಗಳಲ್ಲಿ ಆ ಹಳೆಯ ಸುಮೀತ್ ಇನ್ನೂ ತಿರುಗುತ್ತಿದೆ. ಬಂದರೆ ನಾನು ಖುಷಿಯಿಂದ ಬಿಚ್ಚುತ್ತೇನೆ.

ಮಿಕ್ಸಿ ಮೋಟಾರ್ ಖಾಲಿ ಓಡುವಾಗ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗುತ್ತದೆ. ಆ ವೇಗದಲ್ಲಿ ಬ್ಲೇಡಿಗೆ ಅರಿಶಿನದ ಕೊಂಬೊಂದು ಸಿಕ್ಕಿಕೊಂಡಿತು ಅಂದುಕೊಳ್ಳಿ. ಬ್ಲೇಡ್ ನಿಲ್ಲುತ್ತದೆ, ಮೋಟಾರ್ ನಿಲ್ಲಲು ಒಪ್ಪುವುದಿಲ್ಲ. ನಡುವೆ ಯಾವುದಾದರೊಂದು ಮುರಿಯಬೇಕು. ಅದಕ್ಕೇ ಕಪ್ಲರ್ ಇರುವುದು. ಮೆಷಿನ್ ಮೇಲೆ, ಜಾರ್ ಕೂರುವ ಜಾಗದಲ್ಲಿ ಹಲ್ಲು ಹಲ್ಲಾಗಿ ಕಾಣುವ ಕಪ್ಪು ಬಿಲ್ಲೆ ಅದು. ರಬ್ಬರ್ ಅಥವಾ ಪ್ಲಾಸ್ಟಿಕ್. ಅದರ ಹಲ್ಲು ಹಾರಿದರೆ ಮೋಟಾರ್ ಜೋರಾಗಿ ಓಡುತ್ತದೆ, ಬ್ಲೇಡ್ ಮಾತ್ರ ಸುಮ್ನೆ ಕೂತಿರುತ್ತದೆ. ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಪ್ಲಗ್ ತೆಗೆದು, ಕೆಳಗಿನಿಂದ ಶಾಫ್ಟ್ (ಮೋಟಾರಿನ ತಿರುಗುವ ಕಡ್ಡಿ) ಅಲ್ಲಾಡದಂತೆ ಹಿಡಿದು, ಮಿಕ್ಸಿ ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ಕಪ್ಲರ್ ತಿರುಗಿಸಿದರೆ ಬಿಚ್ಚುತ್ತದೆ. ಉಲ್ಟಾ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಓಡುವಾಗ ಸಡಿಲ ಆಗಬಾರದು ಅಂತಲೇ ಆ ಥರ ಮಾಡಿರುತ್ತಾರೆ.

ವರ್ಷಗಟ್ಟಲೆ ಓಡಿ ಒಮ್ಮೆ ಕಪ್ಲರ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಹೊಸದು ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಹೋಯಿತಾ? ತಪ್ಪು ಕಪ್ಲರ್‌ದಲ್ಲ, ಜಾರ್‌ದು. ಜಾರ್ ತಲೆಕೆಳಗೆ ಹಿಡಿದು, ತಳದಲ್ಲಿರುವ ಕಪ್ಲರನ್ನು ಬೆರಳಿನಿಂದ ತಿರುಗಿಸಿ ನೋಡಿ. ಸರಾಗವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಪುಟ್ಟ ಕೊಳವೆ, ಹಿಡಿದುಕೊಂಡಿದೆ ಅಂತ. ಹುಣಸೆಹುಳಿ, ಉಪ್ಪು, ತೆಂಗಿನಕಾಯಿ ಹಾಲು ಸೀಲ್ ದಾಟಿ ಒಳಗಿಳಿದು ಒಣಗುತ್ತವೆ. ಆಮೇಲೆ ಬ್ಲೇಡ್ ತಿರುಗಿಸಲು ಮೋಟಾರ್ ಪ್ರತಿ ಸಲವೂ ಒದ್ದಾಡುತ್ತದೆ. ಇಂಥ ಮಿಕ್ಸಿಗೆ "ಗಟ್ಟಿ ಕಪ್ಲರ್ ಹಾಕಿಕೊಡಿ" ಅಂತ ಕೇಳುವವರಿದ್ದಾರೆ. ಕಪ್ಲರ್ ಗಟ್ಟಿಯಾದರೆ ಆ ಏಟು ನೇರ ಮೋಟಾರಿಗೆ ಹೋಗುತ್ತದೆ. ಬುಷ್ ಬದಲಿಸಲು ಆಗುವ ಖರ್ಚಿಗೂ ಮೋಟಾರಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸುವ (ವೈಂಡಿಂಗ್) ಖರ್ಚಿಗೂ ಅಜಗಜಾಂತರ.

ಜಾರ್ ತಳದಿಂದ ನೀರು ಜಿನುಗುತ್ತಿದ್ದರೆ ಅದನ್ನಂತೂ ಒಂದು ದಿನವೂ ಬಿಡಬಾರದು. ಆ ನೀರು ಶಾಫ್ಟ್ ಗುಂಟ ಇಳಿದು ಬೇರಿಂಗ್‌ಗೆ ತಲುಪುತ್ತದೆ. ಬಟ್ಟೆಯಲ್ಲಿ ಒರೆಸಿ ಒರೆಸಿ ವರ್ಷ ದೂಡಿದವರ ಮಿಕ್ಸಿ ಬಿಚ್ಚಿದರೆ ಒಳಗೆ ಹಿಟ್ಟಿನದೇ ಒಂದು ಪದರ ಇರುತ್ತದೆ.

ಮಿಕ್ಸಿಯ ಅಡಿಯಲ್ಲಿ ಒಂದು ಪುಟ್ಟ ಗುಂಡಿ ಇದೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ! ಹಬ್ಬದ ದಿನ ಮಿಕ್ಸಿ ನಿಂತಿತು ಅಂತ ಗಾಬರಿಯಿಂದ ಓಡಿ ಬರುತ್ತಾರೆ. ನಾನು ತಿರುಗಿಸಿ ಗುಂಡಿ ಒತ್ತಿ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳಲು ಸಂಕೋಚ. ಮೋಟಾರ್ ಮೇಲೆ ಹೊರೆ ಜಾಸ್ತಿಯಾದಾಗ ಅದು ತಾನಾಗಿ ಹೊರಗೆ ಬಂದು ಕರೆಂಟ್ ಕಡಿದುಬಿಡುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು, ಜಾರ್‌ನಲ್ಲಿರುವುದನ್ನು ಅರ್ಧ ತೆಗೆದು, ಆಮೇಲೆ ಒತ್ತಿ. ಒತ್ತಿದರೂ ಗುಂಡಿ ಒಳಗೆ ಕೂರದಿದ್ದರೆ ಮೋಟಾರ್ ಇನ್ನೂ ಬಿಸಿ ಇದೆ ಅಂತ. ಬೆರಳಿನಿಂದ ಒತ್ತಿ ಹಿಡಿದುಕೊಂಡೇ ರುಬ್ಬುವವರನ್ನು ನೋಡಿದ್ದೇನೆ. ಅವರಿಗೆ ನಮಸ್ಕಾರ.

ಅಡಿಯ ಸ್ಟಿಕ್ಕರ್‌ನಲ್ಲಿ 30 ನಿಮಿಷ ಅಂತ ಬರೆದಿರುತ್ತದೆ. ಅರ್ಧ ಗಂಟೆ ಒಂದೇ ಸಮನೆ ಓಡಿಸಬಹುದು ಅಂತ ಅಲ್ಲ. 5 ನಿಮಿಷ ಓಡಿಸಿ, 2 ನಿಮಿಷ ಬಿಡಿ, ಹೀಗೆ ಒಟ್ಟು ಅರ್ಧ ಗಂಟೆ ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುತ್ತದೆ. ಆ ಪುಸ್ತಕ ಯಾರು ಓದುತ್ತಾರೆ, ಅಲ್ವಾ? ಇನ್ನೊಂದು ತಪ್ಪು ನಂಬಿಕೆ: ಗಟ್ಟಿ ಪದಾರ್ಥವನ್ನು ಒಂದನೇ ಸ್ಪೀಡಿನಲ್ಲೇ ಇಟ್ಟರೆ ಮೋಟಾರಿಗೆ ಆರಾಮ ಅಂತ. ಮೋಟಾರನ್ನು ತಣ್ಣಗಿಡುವ ಫ್ಯಾನ್ ಅದೇ ಶಾಫ್ಟಿಗೆ ಜೋಡಿಸಿದೆ. ಮೋಟಾರ್ ನಿಧಾನವಾದರೆ ಫ್ಯಾನೂ ನಿಧಾನ. ಹೊರೆ ಹಾಗೇ ಇರುತ್ತದೆ, ಗಾಳಿ ಮಾತ್ರ ಕಡಿಮೆ. ಒಂದರಲ್ಲಿ ಶುರು ಮಾಡಿ, ಪದಾರ್ಥ ಒಡೆದ ಮೇಲೆ ಸ್ಪೀಡ್ ಏರಿಸಿ. ಜಾರ್ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತುಂಬಿ.

ಮೋಟಾರ್ ಒಳಗೆ ಕಾರ್ಬನ್ ಅಂತ ಎರಡು ಪುಟ್ಟ ತುಂಡುಗಳಿರುತ್ತವೆ. ಪೆನ್ಸಿಲ್ ಸೀಸದಂತೆ ಅವು ಸವೆಯುತ್ತಲೇ ಹೋಗುತ್ತವೆ. ಇವು ಒತ್ತಿಕೊಂಡಿರುವ ತಾಮ್ರದ ಬಳೆ, ಅಂದರೆ ಕಮ್ಯುಟೇಟರ್, ಸವೆಯುವ ಬದಲು ಇವು ಸವೆಯಲಿ ಅಂತಲೇ ಮೆತ್ತಗೆ ಮಾಡಿದ್ದು. ಕೆಳಗಿನ ಸಂದಿಯಿಂದ ನೋಡಿದಾಗ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಡಿ. ಸುತ್ತಲೂ ಬಳೆಯ ಥರ ಕಿಡಿ ಎದ್ದರೆ, ಮಿಕ್ಸಿ ಬಿಟ್ಟು ಬಿಟ್ಟು ಓಡಿದರೆ, ತಕ್ಷಣ ತನ್ನಿ. ಕಾರ್ಬನ್ ಪೂರ್ತಿ ಸವೆದರೆ ಅದರ ಹಿಂದಿನ ಸ್ಪ್ರಿಂಗ್ ಹೋಗಿ ತಾಮ್ರವನ್ನು ಕೆರೆಯುತ್ತದೆ. ಆಮೇಲೆ ಮೋಟಾರಿನ ತಿರುಗುವ ಭಾಗವನ್ನೇ (ಆರ್ಮೇಚರ್) ಬದಲಿಸಬೇಕು. ಹೊಸ ಮಿಕ್ಸಿಯಲ್ಲಿ ಮೊದಮೊದಲು ಬರುವ ಸುಟ್ಟ ವಾಸನೆ ಬೇರೆ. ಅದು ವೈಂಡಿಂಗ್ ಮೇಲಿನ ವಾರ್ನಿಷ್ ಬಿಸಿಯಾಗುವುದು, ತಾನಾಗಿ ನಿಲ್ಲುತ್ತದೆ.

ಇಡ್ಲಿ ಹಿಟ್ಟಿಗೆ ದಿನಾ ಮಿಕ್ಸಿ ಹಾಕುವವರಿಗೆ ನನ್ನದೊಂದೇ ಮಾತು: ಆಗುವುದಾದರೆ ಗ್ರೈಂಡರ್ ತಗೊಳ್ಳಿ. ಕೊಯಮತ್ತೂರಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಯಂತ್ರ ಇದು, ಈಗ ಆ ಊರಿನ ಹೆಸರಲ್ಲೇ ಜಿಐ ಟ್ಯಾಗ್ ಇದೆ. ಮನೆಯ ಟೇಬಲ್ ಟಾಪ್ ಗ್ರೈಂಡರ್‌ನ ಮೋಟಾರ್ ಸುಮಾರು 150 ವ್ಯಾಟ್ ಅಷ್ಟೇ. ಅರ್ಧ ಗಂಟೆ ತಿರುಗಿದರೂ ಒಂದು ಯೂನಿಟ್‌ನ ಹತ್ತನೇ ಒಂದು ಭಾಗವೂ ಖರ್ಚಾಗುವುದಿಲ್ಲ. 750 ವ್ಯಾಟ್ ಮಿಕ್ಸಿ ಹತ್ತೇ ನಿಮಿಷದಲ್ಲಿ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಉದ್ದು ಚೆನ್ನಾಗಿ ಉಬ್ಬುತ್ತದೆ. ಇದರಲ್ಲಿ ಮೊದಲು ಹೋಗಲಿ ಅಂತ ಇಟ್ಟಿದ್ದು ಬೆಲ್ಟ್. ಉದ್ದು ತೀರಾ ಗಟ್ಟಿಯಾದರೆ ಬೆಲ್ಟ್ ಜಾರಿ ಕಿರುಚುತ್ತದೆ, ಮೋಟಾರ್ ಬಚಾವಾಗುತ್ತದೆ. ಆಗ ನೀರು ಹಾಕಬೇಕೇ ಹೊರತು ಬೆಲ್ಟ್ ಬಿಗಿ ಮಾಡಿಸಬಾರದು. ಮೋಟಾರ್ ಗುಂಯ್ ಅಂದು ತಿರುಗದೆ ನಿಂತರೆ, ಕಲ್ಲಿನ ಪಾತ್ರೆಯನ್ನು ಕೈಯಿಂದ ಸ್ವಲ್ಪ ತಳ್ಳಿದ ಮೇಲೆ ಓಡಿದರೆ, ಕೆಟ್ಟಿರುವುದು ಬಹುತೇಕ ಕಂಡೆನ್ಸರ್, ಮೋಟಾರ್ ಶುರುವಾಗಲು ನೆರವಾಗುವ ಭಾಗ. ಸಣ್ಣ ಖರ್ಚು.

ಕುಕ್ಕರ್ ನನ್ನ ಅಂಗಡಿಗೆ ಬರುವುದು ಕಡಿಮೆ, ಪಾತ್ರೆ ಅಂಗಡಿಯವರೇ ಸರಿ ಮಾಡುತ್ತಾರೆ. ಆದರೆ ಹೇಳದೆ ಬಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಒಳಗೆ 120 ಡಿಗ್ರಿ ಹತ್ತಿರದ ಹಬೆ ಇರುವ ಪಾತ್ರೆ ಅದು. ಮುಚ್ಚಳದ ಮೇಲೆ ಸೇಫ್ಟಿ ವಾಲ್ವ್ ಇದೆ. ಹೆಚ್ಚು ಬಿಸಿಯಾದರೆ ಅದರೊಳಗಿನ ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ. ಅಂದರೆ ಕುಕ್ಕರಿನಲ್ಲಿ ನೀರು ಆರಿತ್ತು, ಅಥವಾ ವೇಟ್ ಕೂರುವ ಕೊಳವೆ ಬೇಳೆ ನೊರೆಯಿಂದ ಕಟ್ಟಿತ್ತು. ವಾಲ್ವ್ ಬದಲಿಸುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು ಆ ಕೊಳವೆಯೊಳಗೆ ಇಣುಕಿ. ಬೇಳೆ, ಅಕ್ಕಿಗೆ ಕುಕ್ಕರ್ ಅರ್ಧ ದಾಟಬಾರದು. ಬೆಂಗಳೂರಿನ ಪ್ರೆಸ್ಟೀಜ್ ಕಂಪನಿಯ ಟಿ.ಟಿ. ಜಗನ್ನಾಥನ್ ಇದರ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದರು. ನಕಲಿ ವಾಲ್ವ್ ಹಾಕಿಸಿಕೊಂಡ ಕುಕ್ಕರ್‌ಗಳು ಸಿಡಿಯುತ್ತಿದ್ದವು. ವಾಲ್ವ್ ಕೈಕೊಟ್ಟರೂ ಗ್ಯಾಸ್ಕೆಟ್ ತಾನೇ ಒಂದು ಕಡೆ ಹೊರಗೆ ಉಬ್ಬಿ ಹಬೆ ಬಿಡುವಂತೆ ಮುಚ್ಚಳದ ಅಂಚಿನಲ್ಲಿ ಒಂದು ಸಂದಿ ಕೊಟ್ಟರು. ಆ ಸಂದಿ ಇರುವ ಕುಕ್ಕರಿನಲ್ಲಿ ಗ್ಯಾಸ್ಕೆಟ್ ಅಲ್ಲಿಂದ ಹೊರಬಂದರೆ "ರಬ್ಬರ್ ಸರಿ ಇಲ್ಲ" ಅಂತ ಬೈಯಬೇಡಿ. ಅದು ನಿಮ್ಮನ್ನು ಉಳಿಸಿದೆ. ಈಗ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ, 2021ರಿಂದ. ಸಂತೆಯಲ್ಲಿ ಸಿಗುವ ಗುರುತಿಲ್ಲದವು ಎಷ್ಟೇ ಅಗ್ಗವಾದರೂ ಬೇಡ.

ನಮ್ಮ ಕಡೆ ಬೋರ್ ನೀರು ಗಡಸು. ಅದನ್ನು ಹೆಚ್ಚು ಅನುಭವಿಸುವುದು ಗೀಸರ್. ಟ್ಯಾಂಕ್ ಇರುವ ಗೀಸರ್‌ನಲ್ಲಿ ಎಲಿಮೆಂಟ್ ಪಕ್ಕದಲ್ಲೇ ಮೆಗ್ನೀಸಿಯಂನ ಒಂದು ಕಡ್ಡಿ ಇರುತ್ತದೆ, ಆನೋಡ್ ರಾಡ್ ಅಂತ. ನೀರು ಟ್ಯಾಂಕಿನ ಕಬ್ಬಿಣ ತಿನ್ನುವ ಮೊದಲು ಇದನ್ನು ತಿನ್ನಲಿ ಅಂತ ಇಟ್ಟಿದ್ದು. ಅದು ಮುಗಿದ ಮೇಲೆ ಟ್ಯಾಂಕಿನ ಸರದಿ. ಟ್ಯಾಂಕ್ ತೂತಾದರೆ ಮಾಡುವಂಥದ್ದು ಏನೂ ಇಲ್ಲ, ಹೊಸ ಗೀಸರೇ. ಬೋರ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಎಲಿಮೆಂಟ್ ಮೇಲೆ ಕಟ್ಟಿದ ಬಿಳಿ ಪದರವನ್ನೂ ಅದೇ ಸಲ ತೆಗೆಸಬಹುದು.

ಗೀಸರ್‌ನಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಬೇರೆ. ಒಳಗೆ ಥರ್ಮೋಸ್ಟಾಟ್ ಇದೆ, ಅದು ದಿನನಿತ್ಯದ ಕಾವಲು. ಅದು ಕೆಟ್ಟು ನೀರು ಕುದಿಯತೊಡಗಿದರೆ ಕಟೌಟ್ ಅನ್ನುವ ಇನ್ನೊಂದು ಸ್ವಿಚ್ ಕರೆಂಟ್ ನಿಲ್ಲಿಸುತ್ತದೆ. ಅದೂ ತಪ್ಪಿದರೆ ಟ್ಯಾಂಕಿನ ಒತ್ತಡ ಹೊರಗೆ ಬಿಡಲು ಒಂದು ವಾಲ್ವ್ ಇದೆ. ಒಂದು ಮನೆಯಲ್ಲಿ ಕಟೌಟ್ ಪದೇ ಪದೇ ಬೀಳುತ್ತೆ ಅಂತ ಯಾರೋ ಅದರ ಎರಡು ತಂತಿ ಸೇರಿಸಿ ಟೇಪ್ ಸುತ್ತಿದ್ದರು. ವಾಲ್ವ್ ತೊಟ್ಟಿಕ್ಕುತ್ತೆ ಅಂತ ಅದನ್ನೂ ಪ್ಲಗ್ ಹಾಕಿ ಮುಚ್ಚಿಸಿದ್ದರು. ಉಳಿದಿದ್ದ ಥರ್ಮೋಸ್ಟಾಟ್ ಆಗಲೇ ಕೆಟ್ಟಿತ್ತು, ಕಟೌಟ್ ಬೀಳುತ್ತಿದ್ದದ್ದೇ ಅದಕ್ಕೆ. ಆ ಮನೆಯ ಅಮ್ಮ "ಈಗ ನೀರು ಭಾಳ ಚೆನ್ನಾಗಿ ಕಾಯ್ತದೆ" ಅಂದರು. ನಾನು ಮೊದಲು ಸ್ವಿಚ್ ಆಫ್ ಮಾಡಿ ಆಮೇಲೆ ಮಾತಾಡಿದೆ.

ಫ್ಯೂಸ್ ಕತೆಯೂ ಇದೇ. ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟಿದರೆ, ಮುಂದಿನ ಸಲ ಕರಗುವುದು ಗೋಡೆಯೊಳಗಿನ ವೈರ್. ಈಗಿನ ಮನೆಗಳಲ್ಲಿ ಫ್ಯೂಸ್ ಬದಲು ತಾನಾಗಿ ಬೀಳುವ ಸ್ವಿಚ್, ಅಂದರೆ ಎಂಸಿಬಿ ಇದೆ, ಅದು ವೈರನ್ನು ಉಳಿಸುತ್ತದೆ. ನಿಮ್ಮನ್ನು ಉಳಿಸುವುದು ಆರ್‌ಸಿಸಿಬಿ. 30 ಮಿಲಿಆಂಪ್ ಕರೆಂಟ್ ದಾರಿ ತಪ್ಪಿ ಸೋರಿದರೂ ಕಡಿದುಬಿಡುತ್ತದೆ. ಅದರ ಮೇಲೆ ಟಿ ಅಂತ ಒಂದು ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ ಬೀಳಬೇಕು. ವಾಷಿಂಗ್ ಮೆಷಿನ್ ಹಾಕಿದಾಗಲೆಲ್ಲ ಇದು ಬೀಳುತ್ತಿದ್ದರೆ ಮೆಷಿನ್ ತೋರಿಸಿ. ಎಲೆಕ್ಟ್ರಿಷಿಯನ್ ಕರೆಸಿ ಆರ್‌ಸಿಸಿಬಿ ತೆಗೆಸುವುದು ಪರಿಹಾರ ಅಲ್ಲ.

ಸೆಮಿ ಆಟೋಮ್ಯಾಟಿಕ್ ಮೆಷಿನ್ ಇರುವವರು ಇನ್ನೊಂದು ನೋಡಿಕೊಳ್ಳಿ: ಡ್ರೈಯರ್ ಮುಚ್ಚಳ ತೆಗೆದ ಕೂಡಲೇ ಒಳಗಿನ ಡಬ್ಬ ನಿಲ್ಲಬೇಕು. ನಿಲ್ಲದಿದ್ದರೆ ಬ್ರೇಕ್ ಅಥವಾ ಮುಚ್ಚಳದ ಸ್ವಿಚ್ ಹೋಗಿದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಸರಿ ಮಾಡಿಸುವ ತನಕ ಡ್ರೈಯರ್ ಬಳಸಬೇಡಿ.

ಹೊಸದಾಗಿ ಬರುತ್ತಿರುವ ಸಣ್ಣಪುಟ್ಟ ಸಾಮಾನುಗಳ ಬಗ್ಗೆ ಜನ ನನ್ನನ್ನು ಕೇಳುತ್ತಾರೆ: ಚಾರ್ಜ್ ಮಾಡುವ ಬೆಳ್ಳುಳ್ಳಿ ಚಾಪರ್, ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್, ಹೀಗೆ. ಕೆಲಸಕ್ಕೆ ಬರುತ್ತವೆ, ಇಲ್ಲ ಅನ್ನುವುದಿಲ್ಲ. ಕೀಲುನೋವಿರುವ ಅಜ್ಜಿಗೆ ಆ ಚಾಪರ್ ದೊಡ್ಡ ಉಪಕಾರ. ಆದರೆ ಎಷ್ಟೋ ಚಾಪರ್‌ಗಳಲ್ಲಿ ಬ್ಯಾಟರಿಯನ್ನು ಅಂಟಿಸಿ ಮುಚ್ಚಿಬಿಟ್ಟಿರುತ್ತಾರೆ, ಸ್ಕ್ರೂ ಕೂಡ ಇರುವುದಿಲ್ಲ. ಮೊದಲು ಹೋಗುವ ಭಾಗ ಬ್ಯಾಟರಿ, ಅದನ್ನೇ ಬದಲಿಸಲು ಆಗದಿದ್ದರೆ ನಾನೇನು ಮಾಡಲಿ? ಕೇಂದ್ರದ ಗ್ರಾಹಕ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿದೆ. ದೊಡ್ಡ ಕಂಪನಿಗಳ ಬಿಡಿಭಾಗ, ಸರ್ವಿಸ್ ವಿವರ ಅಲ್ಲಿ ಹುಡುಕಬಹುದು. ಹೆಸರೇ ಕೇಳದ ಕಂಪನಿಯ ಚಾಪರ್‌ಗೆ ಅದರಿಂದ ಉಪಯೋಗ ಇಲ್ಲ.

ಅದಕ್ಕೇ ಕೊಳ್ಳುವಾಗ ಎಷ್ಟು ವ್ಯಾಟ್ ಅನ್ನುವ ಮೊದಲು, ಇದರ ಬ್ಯಾಟರಿ, ಕಪ್ಲರ್, ಬೆಲ್ಟ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿ. ಅಂಗಡಿಯವರು "ಹೋದರೆ ಹೊಸದೇ ತಗೋಬೇಕು" ಅಂದರೆ, ಬೆಲೆಯನ್ನು ವಾರಂಟಿ ವರ್ಷಗಳಿಂದ ಭಾಗಿಸಿ. ಬರುವುದು ಅದರ ಒಂದು ವರ್ಷದ ಬಾಡಿಗೆ. ಅಷ್ಟು ಬಾಡಿಗೆ ಕೊಡುವಷ್ಟು ಬೆಳ್ಳುಳ್ಳಿ ನಿಮ್ಮ ಮನೆಯಲ್ಲಿ ಖರ್ಚಾಗುತ್ತದೆಯೇ ನೋಡಿಕೊಳ್ಳಿ.