ಮೂಸುತ್ತಿರುವ ಮಗುವನ್ನು ಅಟ್ಟಿಸಿಕೊಂಡು ಓಡಬೇಡಿ

ಹಲಸಿನಕಾಯಿ ಕೊರೆದ ಕೈಯ ಮೇಣ ನೀರಿಗೆ ಹೋಗದು, ತೆಂಗಿನೆಣ್ಣೆಗೆ ಹೋಗುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲದ ಯಾವ ಅಡುಗೆಮನೆಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳು ಅಮಲಿಗೆಂದು ಮೂಸುವ ಪಂಚರ್ ಅಂಗಡಿಯ ಸೊಲ್ಯೂಷನ್ ಎಂಬ ಗಮ್ಮು, ಪೈಂಟಿನ ಥಿನ್ನರ್, ಪೆಟ್ರೋಲ್, ಇವಕ್ಕೂ ನಂಟು ನೀರಿನೊಂದಿಗಲ್ಲ, ಜಿಡ್ಡಿನೊಂದಿಗೆ. ನೀರಿನಂಶ ಕಳೆದರೆ ನಮ್ಮ ಮಿದುಳಿನ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬೇ. ಬಟ್ಟೆಗೆ ಸುರಿದು ಮೂಸಿದರೆ ಇವುಗಳಲ್ಲಿನ ಟೊಲುವಿನ್ ಎಂಬ ರಾಸಾಯನಿಕ ಕೆಲವೇ ಸೆಕೆಂಡುಗಳಲ್ಲಿ ಅಲ್ಲಿಗೆ ಮುಟ್ಟುತ್ತದೆ. ವರ್ಷಗಟ್ಟಲೆ ಮೂಸಿದರೆ ನರತಂತುಗಳ ಕೊಬ್ಬಿನ ಹೊದಿಕೆ ಕೆಡುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಮಾಸುತ್ತದೆ.

ನನ್ನ ದೊಡ್ಡ ಭಯ ಮಾತ್ರ ವರ್ಷಗಳದ್ದಲ್ಲ, ಒಂದು ನಿಮಿಷದ್ದು. "ಗಾಂಜಾ ಅಲ್ಲವಲ್ಲ, ಅಂಗಡಿಯ ಗಮ್ಮು, ಒಂದು ಸಲಕ್ಕೆ ಏನಾದೀತು?" ಎನ್ನುವವರಿದ್ದಾರೆ. ಮೊದಲ ಸಲವೇ ಮಗು ಸಾಯಬಹುದು. ಅಮೆರಿಕದ ವೈದ್ಯ ಮಿಲ್ಲರ್ಡ್ ಬಾಸ್ 1970ರಲ್ಲಿ ಇಂತಹ 110 ಹಠಾತ್ ಸಾವುಗಳನ್ನು ದಾಖಲಿಸಿದರು. ಚೀಲದೊಳಗೆ ಉಸಿರುಗಟ್ಟಿ ಸತ್ತವರಲ್ಲ ಅವರು. ಕೆಲವರು ಮೂಸಿದ ಬೆನ್ನಿಗೇ ಓಡಿದವರು, ಇಲ್ಲವೇ ಬೆದರಿದವರು.

ಈ ಒಗಟಿನ ಬೇರು ಹಳೆಯದು. 1848ರ ಜನವರಿಯಲ್ಲಿ ಇಂಗ್ಲೆಂಡಿನ 15 ವರ್ಷದ ಹ್ಯಾನಾ ಗ್ರೀನರ್ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ, ಪ್ರಜ್ಞೆ ತಪ್ಪಿಸಲು ಮೂಸಿಸಿದ ಕ್ಲೋರೋಫಾರ್ಮಿನಿಂದ ಸತ್ತಳು. ನಿಂತದ್ದು ಹೃದಯವೋ ಉಸಿರೋ? ಜಗಳ ನಮ್ಮ ಹೈದರಾಬಾದಿಗೂ ಬಂತು. ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರನ್ನು ನೋಡಿಕೊಂಡರೆ ಸಾಕು, ಹೃದಯದ ಚಿಂತೆ ಬೇಡ ಎಂದವು. ಅದು ತಪ್ಪು. 1911ರಲ್ಲಿ ಇಂಗ್ಲೆಂಡಿನ ವೈದ್ಯ ಗುಡ್‌ಮನ್ ಲೆವಿ ಬೆಕ್ಕುಗಳಿಗೆ ತುಸುವೇ ಕ್ಲೋರೋಫಾರ್ಮ್ ಕೊಟ್ಟು ಅಡ್ರಿನಲಿನ್ (ಬೆದರಿದಾಗ, ಓಡುವಾಗ ಮೈಯಲ್ಲೇ ಉಕ್ಕುವ ರಸ) ಚುಚ್ಚಿದಾಗ ಹೃದಯ ಬಡಿಯುವುದನ್ನು ಬಿಟ್ಟು ಬರಿದೇ ಅದುರಿತು.

ಸೊಲ್ಯೂಷನ್ನಿನ ಆವಿಯೂ ಲೈಟರಿನ ಬ್ಯೂಟೇನೂ ಮಾಡುವುದು ಇದನ್ನೇ. ತೆಂಕುತಿಟ್ಟಿನ ಆಟದಲ್ಲಿ ಭಾಗವತರ ಜಾಗಟೆಗೆ ಚೆಂಡೆ, ಮದ್ದಳೆ ಕೂಡುತ್ತವೆ. ಹೃದಯದ ಜಾಗಟೆ ಅದರ ಬಲ ಮೇಲ್ಕೋಣೆಯ ಪುಟ್ಟ ಜೀವಕೋಶಗಳ ಗಂಟು. ಆವಿ ಹೊಕ್ಕರೆ ಸ್ನಾಯುಗಳಿಗೆ ಆ ತಾಳ ಸರಿಯಾಗಿ ಕೇಳಿಸದು. ಅಷ್ಟರಲ್ಲಿ ಯಾರೋ "ಏಯ್!" ಎಂದು ಗದರುತ್ತಾರೆ, ಹುಡುಗ ಓಡುತ್ತಾನೆ, ಅಡ್ರಿನಲಿನ್ ನುಗ್ಗುತ್ತದೆ. ಈಗ ಪ್ರತಿ ಚೆಂಡೆಯೂ ತನ್ನದೇ ತಾಳ ಹಿಡಿಯುತ್ತದೆ. ಚಂದ್ರಗಿರಿ ಹೊಳೆಯಲ್ಲಿ ಹತ್ತು ಜನ ಹತ್ತು ದಿಕ್ಕಿಗೆ ಹುಟ್ಟು ಹಾಕಿದಂತೆ: ಶ್ರಮವಿದೆ, ದೋಣಿ ಮಾತ್ರ ಕದಲದು. ರಕ್ತ ಮುಂದೆ ಹೋಗದು.

ಬರಹ ಅಳಿಸುವ ಬಾಟಲಿಯ ವೈಟ್ನರ್, ಅದರ ಥಿನ್ನರ್ ಮಾರಾಟಕ್ಕೆ ಕೇಂದ್ರ ಸರಕಾರ 2012ರಲ್ಲೇ ತಡೆ ಹಾಕಿದೆ. ಪಂಚರ್ ಗಮ್ಮಿಗೆ, ಪೆಟ್ರೋಲಿಗೆ ಹಾಗೆ ತಡೆ ಹಾಕುವುದೆಲ್ಲಿಂದ? ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೇಳಿದಂತೆ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಿರುವ ಅಮಲು ಇದೊಂದೇ: ದೊಡ್ಡವರಲ್ಲಿ ಶೇಕಡಾ 0.58, ಮಕ್ಕಳಲ್ಲಿ 1.17.

ಗಾಳಿಯಲ್ಲಿ ಬರುವ ವಿಷವೆಂದರೆ ಏನೆಂದು ಎಣ್ಮಕಜೆಯವರಿಗೆ ಗೊತ್ತು. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಮಣ್ಣಿದು. ಆದರೂ ಮಗು ತನ್ನಷ್ಟಕ್ಕೆ ನಕ್ಕು, ಓಲಾಡಿ, ಇಲ್ಲದ್ದನ್ನು ಕಂಡೆನೆಂದರೆ "ಗಾಳಿ ಸೋಂಕು" ಎಂದು ಮಂತ್ರಿಸಿದ ನೂಲು ಹುಡುಕುವ ಮನೆಗಳಿವೆ. ದಯವಿಟ್ಟು ಮೊದಲು ಅದರ ಅಂಗಿ ಮೂಸಿ ನೋಡಿ. ಬಾಯಿಯ ಸುತ್ತ ಕೆಂಪು ಹುಣ್ಣಿದೆಯೇ, ಚೀಲದಲ್ಲಿ ನಾರುವ ಬಟ್ಟೆತುಂಡಿದೆಯೇ ನೋಡಿ.

ಮೂಸುವಾಗಲೇ ಕಣ್ಣಿಗೆ ಬಿದ್ದರೆ ದನಿ ಏರಿಸಬೇಡಿ. ಮೆಲ್ಲನೆ ಹೋಗಿ ಬಟ್ಟೆ ತೆಗೆದುಕೊಳ್ಳಿ, ಗಾಳಿಯಾಡುವಲ್ಲಿ ಕೂರಿಸಿ, ಪಕ್ಕದಲ್ಲೇ ಇರಿ. ವಿಚಾರಣೆ ಮರುದಿನಕ್ಕಿರಲಿ. ಕುಸಿದು ಬಿದ್ದು ಉಸಿರಾಡದಿದ್ದರೆ ಈರುಳ್ಳಿ, ಚಪ್ಪಲಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ, ಆಂಬುಲೆನ್ಸ್ ಬರುವವರೆಗೂ.