‘ಊಲ್’ ಅನ್ನೋ ಪದದಲ್ಲಿ ಎಂ ಎಲ್ಲಿ ಹೋಯ್ತು?

ಐರಿಶ್ ಭಾಷೇಲಿ ಒಂದು ವಿಶೇಷಣ ಇದೆ, ವಿನಯ ಇರೋರು, ಹೇಳಿದ ಮಾತು ಕೇಳೋರು, ಅವರಿಗೆ ಹೇಳೋದು. ಮೈ ಸಲೀಸಾಗಿ ಬಾಗಿದ್ರೂ ಅದೇ ಪದ. ಬರೆಯೋದು ಯು, ಎಂ, ಎಚ್, ಎ, ಎಲ್ ಅಂತ, ಆದ್ರೆ ಬಾಯಲ್ಲಿ ಬರೋದು ಬರೀ ‘ಊಲ್’, ಇಲ್ಲಾ ‘ಊಅಲ್’. ನಡುವಿನ ಎಂ ಎಲ್ಲಿ ಹೋಯ್ತು ಅಂದ್ರೆ ಉತ್ತರ ನಮ್ಮ ಗೌಡ್ರ ಹೆಸರಲ್ಲೇ ಇದೆ.

ಪದದ ಮೂಲ ಲ್ಯಾಟಿನ್‌ನ ‘ಹುಮಿಲಿಸ್’. 5ನೇ ಶತಮಾನದ ಹೊತ್ತಿಗೆ ಕ್ರೈಸ್ತ ಧರ್ಮದ ಜತೆ ಐರ್ಲೆಂಡ್‌ಗೆ ಲ್ಯಾಟಿನ್ ಪದಗಳೂ ಬರೋಕೆ ಶುರುವಾದ್ವು, ಪುಸ್ತಕ, ಚರ್ಚು, ಪಾದ್ರಿ, ಪಾಪ ಇವಕ್ಕೆಲ್ಲ ಐರಿಶ್‌ನವರು ಇವತ್ತಿಗೂ ಹೇಳೋದು ಆ ಮೂಲದ ಪದಾನೇ. ಶುರುವಿನ ಹಕಾರ ಆಡುಮಾತಿನ ಲ್ಯಾಟಿನ್‌ನಲ್ಲೇ ಬಿದ್ದುಹೋಗಿತ್ತು, ಕೊನೆಯ ‘ಇಸ್’ ಐರಿಶ್ ಬಾಯಲ್ಲಿ ಉದುರ್ತು, ಹಳೇ ಐರಿಶ್‌ನಲ್ಲಿ ‘ಉಮಲ್’ ಅಂತ ಬರೆದ್ರು. ಬರೆದ್ರು ಅಷ್ಟೇ, ಓದ್ತಿದ್ದಿದ್ದು ಮೂಗಿಂದ ಬರೋ ವಕಾರದ ಥರ.

ಎರಡು ಸ್ವರದ ನಡುವೆ ಮ ಅನ್ನೋಕೆ ತುಟಿ ಪೂರ್ತಿ ಮುಚ್ಚಿ ತಕ್ಷಣ ತೆಗೀಬೇಕು. ಮಾತಿನ ಸ್ಪೀಡಲ್ಲಿ ತುಟಿ ಅರ್ಧಕ್ಕೇ ನಿಂತ್ರೆ ಅದು ವ ಆಗುತ್ತೆ, ಇನ್ನೂ ಸಡಿಲ ಆದ್ರೆ ಪಕ್ಕದ ಸ್ವರದೊಳಗೇ ಕರಗಿ ಹೋಗುತ್ತೆ. ನಮ್ಮ ಶಾಸನಗಳಲ್ಲಿ ಗಾಮುಂಡ ಇದ್ದಿದ್ದು ಗಾವುಂಡ ಆಗಿ ಗೌಡ ಆಯ್ತಲ್ಲ, ಕುಮಾರ ಕುವರ ಆದನಲ್ಲ, ಅದೇ ದಾರಿ. ಕನ್ನಡಕ್ಕೂ ಐರಿಶ್‌ಗೂ ನಂಟಿಲ್ಲ, ಆದ್ರೆ ತುಟಿ ಎಲ್ರಿಗೂ ಒಂದೇ ಥರ. ಐರಿಶ್‌ನವರು ಇದನ್ನ ‘ಶೇವ್ಯೂ’ ಅಂತಾರೆ, ಮೆತ್ತಗೆ ಮಾಡೋದು ಅಂತ. ಮೊದ್ಲು ಅಕ್ಷರದ ಮೇಲೆ ಚುಕ್ಕಿ ಇಟ್ಟು ತೋರಿಸ್ತಿದ್ರು, 20ನೇ ಶತಮಾನದಲ್ಲಿ ರೋಮನ್ ಅಚ್ಚು ರೂಢಿಗೆ ಬಂದ್ಮೇಲೆ ಚುಕ್ಕಿ ಜಾಗಕ್ಕೆ ಎಚ್ ಬಂತು, ಹಾಗಾಗಿ ಆ ಎಚ್ಚನ್ನ ಹಕಾರ ಅಂತ ಓದೋ ಹಾಗಿಲ್ಲ. 1940ರ ದಶಕದ ಕಾಗುಣಿತ ಸುಧಾರಣೇಲಿ ಇಂಥ ಎಷ್ಟೋ ಮೂಕ ಅಕ್ಷರ ಕಿತ್ತುಹಾಕಿದ್ರೂ ಈ ಪದದ್ದು ಉಳ್ಕೊಂಡಿದೆ.

ಇನ್ನು ಅರ್ಥ. ಹುಮಿಲಿಸ್ ಅಂದ್ರೆ ತಗ್ಗು, ನೆಲಕ್ಕೆ ಹತ್ರ ಇರೋದು. ಅದಕ್ಕೆ ವಿಧೇಯ ಅನ್ನೋ ಅರ್ಥ ಅಂಟಿದ್ದು ಮಠಗಳಲ್ಲಿ ಅಂತ ನನ್ನ ಗುಮಾನಿ, ಯಾಕಂದ್ರೆ 615ರಲ್ಲಿ ಇಟಲಿಯ ಬೊಬ್ಬಿಯೋದಲ್ಲಿ ತೀರಿಕೊಂಡ ಐರಿಶ್ ಸನ್ಯಾಸಿ ಕೊಲಂಬಾನಸ್ ಬರೆದ ಮಠದ ನಿಯಮಗಳಲ್ಲಿ ಮೊದಲ್ನೇ ಅಧ್ಯಾಯಾನೇ ವಿಧೇಯತೆ, ಹಿರಿಯರು ಬಾಯಿಬಿಟ್ಟ ಕೂಡ್ಲೇ ಎದ್ದು ನಿಲ್ಲಬೇಕು.

ಹುಮಿಲಿಸ್‌ನ ಹಿಂದೆ ಇರೋದು ‘ಹುಮುಸ್’, ಮಣ್ಣು. ಅದರದ್ದೇ ಇಂಡೋ-ಯುರೋಪಿಯನ್ ಬೇರಿಂದ ಸಂಸ್ಕೃತಕ್ಕೆ ‘ಕ್ಷ್ಮಾ’ ಬಂತು, ಭೂಮಿ ಅಂತ. ಐರಿಶ್‌ನಲ್ಲಿ ಮನುಷ್ಯನಿಗೆ ‘ದಿನ್ಯ’ ಅಂತಾರಲ್ಲ, ಅದೂ ಅದೇ ಬೇರಿಂದು, ಆದ್ರೆ ಲ್ಯಾಟಿನ್‌ನಿಂದ ತಂದಿದ್ದಲ್ಲ, ಮನೆಯದ್ದೇ. ಸಾಲ ತಂದ ಪದಕ್ಕೆ ಊರಲ್ಲಿ ಮೊದ್ಲೇ ಒಬ್ಬ ದಾಯಾದಿ ಇದ್ದ.